ಬಡಿಗೇರರ ಬಾಚಿ, ಅಂಬಿಗರ ಬೆಂಡು

ಸುರಪುರ ತಾಲ್ಲೂಕಿನ ನಮ್ಮೂರಿಗೆ ಕೃಷ್ಣೆ ಎರಡು ಹರದಾರಿ ದೂರ. ಸಮುದ್ರವನ್ನು ನಾನು ಮೊದಲ ಸಲ ಕಂಡದ್ದು ಕೆಲಸಕ್ಕೆಂದು ಮಸ್ಕತ್ತಿಗೆ ಬಂದ ಮೇಲೆಯೇ. ಹಾಗಿದ್ದೂ ಕಳೆದ ಆರು ವರ್ಷಗಳಿಂದ ನನ್ನ ರಜೆಯ ದಿನಗಳನ್ನೆಲ್ಲ ನುಂಗುತ್ತಿರುವುದು ಗಾಳದ ನೂಲಿಗೆ ಕಟ್ಟುವ ಗೇಣುದ್ದದ ಒಂದು ಮರದ ಸುಳ್ಳು ಮೀನು. ಇದಕ್ಕೆ ಪಾಪರ್ ಎನ್ನುತ್ತಾರೆ. ಇದರ ಮುಂತುದಿಯಲ್ಲಿ ಬಟ್ಟಲಿನಂತೆ ಕೊರೆದ ಬಾಯಿ ಇರುತ್ತದೆ. ಗಾಳದ ಕೋಲನ್ನು ಜಗ್ಗಿದಾಗ ಆ ಬಾಯಿ ನೀರನ್ನು ಮುಂದಕ್ಕೆ ಚಿಮ್ಮಿಸಿ, ಗಾಳಿಯನ್ನು ಒಳಕ್ಕೆಳೆದು, ಡುಬುಕ್ಕೆಂದು ಸದ್ದು ಮಾಡುತ್ತದೆ. ಆ ಸದ್ದಿಗೆ ಬಂಡೆಗಳ ಸಂದಿಯಿಂದ ಎದ್ದು ಬರುವ ಜೈಂಟ್ ಟ್ರೆವೆಲಿ ಸಾಮಾನ್ಯ ಮೀನಲ್ಲ. ಜಪಾನಿನ ತೊಕಾರಾ ದ್ವೀಪಗಳ ಬಳಿ 2006ರಲ್ಲಿ ಗಾಳಕ್ಕೆ ಸಿಕ್ಕಿದ್ದೊಂದು 72.8 ಕಿಲೋ ತೂಗಿತ್ತು.

ಈ ಹುಚ್ಚು ಹಿಡಿಸಿದವರು ನನ್ನ ಜೊತೆ ಕೆಲಸ ಮಾಡುವ ಜಪಾನಿನ ಹಿರಿಯರೊಬ್ಬರು. ಒಮಾನಿನ ದಕ್ಷಿಣ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿರುತ್ತದೆ. ಆ ಕಾಲವನ್ನು ಇಲ್ಲಿಯವರು ಖರೀಫ್ ಎನ್ನುತ್ತಾರೆ; ಖರೀಫ್ ಎಂದರೆ ತೊಗರಿ ಬಿತ್ತನೆ ಎಂದೇ ತಿಳಿದು ಬೆಳೆದ ನನಗೆ ಈ ಮಾತು ಈಗಲೂ ವಿಚಿತ್ರವಾಗಿ ಕೇಳಿಸುತ್ತದೆ. ದೋಣಿ ಇಳಿಸಲಾಗದ ಆ ತಿಂಗಳುಗಳಲ್ಲಿ ಆ ಹಿರಿಯರು ಕಾರು ನಿಲ್ಲಿಸುವ ಜಾಗದಲ್ಲಿ ಬೆಂಚು ಹಾಕಿಕೊಂಡು ಪಾಪರ್ ಕೆತ್ತುತ್ತಾರೆ. ಅವರು ಬಳಸುವುದು ಪೌಲೋನಿಯಾ ಎಂಬ ಮರ. ಒಂದು ಹಲಗೆಯನ್ನು ಕೈಯಲ್ಲಿ ಹಿಡಿದರೆ ಒಳಗೆ ಟೊಳ್ಳಿರಬಹುದೇ ಎಂಬ ಅನುಮಾನ ಬರುವಷ್ಟು ಹಗುರ.

ನನಗೋ, ಇದನ್ನು ನಮ್ಮೂರಲ್ಲೇ ಮಾಡಿಸಬೇಕೆಂಬ ಆಸೆ. ನಮ್ಮ ಸೀಮೆಯ ಬಡಿಗೇರರು ತಿಂಥಣಿಯ ಮೌನೇಶ್ವರರಿಗೆ ನಡೆದುಕೊಳ್ಳುವವರು, ಬಾಗಿಲವಾಡದ ಮೇಲೆ ಬಳ್ಳಿ ಎಬ್ಬಿಸುವವರು. ಒಂದು ಮೀನು ಕೆತ್ತುವುದು ಅವರಿಗೆ ಯಾವ ಲೆಕ್ಕ ಎಂದುಕೊಂಡಿದ್ದೆ. ಲೆಕ್ಕ ತಪ್ಪಿದ್ದು ಅಲ್ಲಿಯೇ. ನಮ್ಮ ಓಣಿಯ ಬಡಿಗೇರ ಕಾಕಾ ಎರಡೇ ದಿನದಲ್ಲಿ ಸಾಗವಾನಿಯಲ್ಲಿ ಕೆತ್ತಿಕೊಟ್ಟ ಪಾಪರ್ ನೋಡಲು ಎಷ್ಟು ಚೆಂದವಿತ್ತೆಂದರೆ, ಕೊಕ್ಕೆ ತೊಡಿಸಲು ಮನಸ್ಸೇ ಬರಲಿಲ್ಲ. ನೀರಿಗೆ ಬಿಟ್ಟರೆ ಮುಳುಗುವಂತೆಯೂ ಇಲ್ಲ, ತೇಲುವಂತೆಯೂ ಇಲ್ಲದ ಸ್ಥಿತಿಯಲ್ಲಿ ನೀರಿನ ಮಟ್ಟದ ಕೆಳಗೆ ತೂಗಾಡುತ್ತಿತ್ತು.

ಇದರ ಕಾರಣ ಸರಳವಾದದ್ದು. ಆ ಪಾಪರಿನ ಗಾತ್ರ ಸುಮಾರು 120 ಮಿಲಿಲೀಟರ್. ಅಷ್ಟು ಸಮುದ್ರದ ನೀರು ತೂಗುವುದು 123 ಗ್ರಾಂ. ಸಾಗವಾನಿಯ ಒಡಲೇ 78 ಗ್ರಾಂ ಆಯಿತು. ತಂತಿ, ಬಳೆ, ಎರಡು ದೊಡ್ಡ ಕೊಕ್ಕೆ ಸೇರಿ 45 ಗ್ರಾಂ. ಅಲ್ಲಿಗೆ ಮುಗಿಯಿತು, ಸೀಸ ಇಡಲು ಜಾಗವೇ ಇಲ್ಲ. ಅದೇ ಗಾತ್ರದ ಪೌಲೋನಿಯಾ 34 ಗ್ರಾಂ ಮಾತ್ರ ತೂಗುವುದರಿಂದ, ಬಾಲದಲ್ಲಿ 25 ಗ್ರಾಂ ಸೀಸ ತುಂಬಿದರೂ ತೇಲುವ ಶಕ್ತಿ ಉಳಿದಿರುತ್ತದೆ. ಬಾಲ ಭಾರವಾಗಿ ಕೆಳಗಿಳಿದು, ಬಾಯಿ ಮೇಲ್ನೀರಿನಲ್ಲಿ ಓರೆಯಾಗಿ ನಿಂತರೆ ಮಾತ್ರ ಪಾಪರ್ ನೀರನ್ನು ಕಚ್ಚುತ್ತದೆ. ಅಡ್ಡ ಮಲಗಿದರೆ ಎಳೆದಾಗ ಅಲೆಯ ಮೇಲೆ ಜಾರುತ್ತ ಉರುಳುತ್ತದೆ. ಭಾರ ಎಲ್ಲಿರಬೇಕೆಂಬುದನ್ನು ನಾವು ತೀರ್ಮಾನಿಸಬೇಕಾದರೆ ಮರ ಹಗುರವಾಗಿರಲೇಬೇಕು.

ಕಾಕಾ ಇದನ್ನು ಒಪ್ಪಲಿಲ್ಲ. ಪೌಲೋನಿಯಾದ ತುಂಡಿನ ಮೇಲೆ ಉಗುರು ಊರಿ, ಬಿದ್ದ ಗುರುತನ್ನು ನನಗೆ ತೋರಿಸಿ, "ಇಂಥ ಮೆತ್ತನ್ನ ಕಟ್ಟಿಗಿ ಮೂವತ್ತು ಕಿಲೋ ಮೀನಿಗೆ ತಡೀತದೇನಪಾ ತಮ್ಮಾ?" ಎಂದರು. ಗಟ್ಟಿ ಮರವೇ ಒಳ್ಳೆಯ ಮರ ಎಂಬುದು ಬಂಡಿ, ಕೂರಿಗೆ, ಬಾಗಿಲು ಮಾಡುವವರ ಜಾಣತನ; ಅಲ್ಲಿ ಅದು ಸರಿಯೂ ಹೌದು. ಆದರೆ ಪಾಪರಿನಲ್ಲಿ ಮೀನಿನ ಎಳೆತ ಮರಕ್ಕೆ ತಾಗುವುದೇ ಇಲ್ಲ. ಬಾಯಿಯಿಂದ ಬಾಲದವರೆಗೆ ಸ್ಟೇನ್‌ಲೆಸ್ ಸ್ಟೀಲಿನ ಒಂದೇ ತಂತಿ ಹಾದುಹೋಗಿರುತ್ತದೆ. ಮುಂದಿನ ಕುಣಿಕೆಗೆ ನೂಲು, ಹಿಂದಿನದಕ್ಕೆ ಕೊಕ್ಕೆ. ಮರವೆಲ್ಲ ಸೀಳಿಹೋದರೂ ಮೀನು ತಂತಿಯಲ್ಲಿ ಉಳಿಯುತ್ತದೆ.

ತಂತಿ ಹಾಯಿಸುವುದು ಹೇಗೆಂಬ ಮಾತು ಬಂದಾಗ ಕಾಕಾನ ಮುಖ ಅರಳಿತು. ಎರಡು ಹಲಗೆಗಳ ನಡುವೆ ಕಾಗದವಿಟ್ಟು ಅಂಟಿಸಿ, ಒಂದೇ ತುಂಡೆಂಬಂತೆ ಕೆತ್ತಿ, ಆಮೇಲೆ ಉಳಿ ಹೊಡೆದು ಬಿಡಿಸಿದರೆ ಸರಿಸಮನಾದ ಎರಡು ಹೋಳು ಸಿಗುತ್ತವೆ. ಒಳಮೈಯಲ್ಲಿ ಸಣ್ಣ ಕಾಲುವೆ ತೋಡಿ, ತಂತಿಯನ್ನೂ ಸೀಸವನ್ನೂ ಕೂರಿಸಿ ಎಪಾಕ್ಸಿ ಅಂಟಿನಲ್ಲಿ ಬೆಸೆದರಾಯಿತು. ಜಪಾನಿನವರು ಇದನ್ನು ತೋರಿಸಿದಾಗ ನಾನು ಬೆರಗಾಗಿದ್ದೆ. ಬಾಗಿಲವಾಡಕ್ಕೆ ಅರ್ಧಗಂಬ ಮಾಡುವಾಗ ಕಾಕಾ ಮೂವತ್ತು ವರ್ಷಗಳಿಂದ ಮಾಡುತ್ತಿರುವುದೂ ಇದನ್ನೇ.

ಎರಡನೆಯ ಸಲ ಬೂರುಗದ ಮರದಲ್ಲಿ ಕೆತ್ತಿಸಿ, ಪರೀಕ್ಷೆಗೆಂದು ತಿಂಥಣಿಯ ಕಡೆ ನದಿಗೆ ಹೋದೆವು. ದಡದಲ್ಲಿ ಬಲೆ ಒಣಗಿಸುತ್ತಿದ್ದ ಅಂಬಿಗರೊಬ್ಬರು ಅರೆಗಳಿಗೆ ನೋಡಿ, "ನಿಮ್ಮ ಬೆಂಡು ಮಲಗ್ಯಾದರಿ, ನಿಂದ್ರಬೇಕು" ಎಂದು ತಮ್ಮ ಬಲೆಯಿಂದ ಸೀಸದ ಎರಡು ಗುಂಡು ಬಿಚ್ಚಿ, ಪಾಪರಿನ ಬಾಲಕ್ಕೆ ದಾರದಿಂದ ಸುತ್ತಿದರು. ಒಂದು ಬೆರಳು ಹಿಂದೆ ಸರಿಸಿದರು, ಮತ್ತೆ ಅರ್ಧ ಬೆರಳು ಮುಂದೆ ತಂದರು. ಪಾಪರ್ ಎದ್ದು ನಿಂತಿತು. ಸಮುದ್ರವನ್ನೇ ನೋಡದ ಆ ಮನುಷ್ಯ ಮಾಡಿದ್ದು, ಮಸ್ಕತ್ತಿನ ಬೆಂಚಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿದ ಬಕೆಟ್ಟಿನ ಮುಂದೆ ಕೂತು ಮಾಡುವ ಕೆಲಸವನ್ನೇ.

ನನ್ನ ಅನಿಸಿಕೆ ಹುಟ್ಟಿದ್ದು ಅಲ್ಲಿ. ನಮ್ಮವರಿಗೆ ಅಳತೆ ಬಾರದು, ಹೊರಗಿನವರು ಗ್ರಾಮಿಗೆ ಗ್ರಾಂ ತೂಗುತ್ತಾರೆ ಎಂದು ಹೊರನಾಡಿನಲ್ಲಿರುವ ನಾವು ಸುಲಭವಾಗಿ ಆಡಿಬಿಡುತ್ತೇವೆ, ನಾನೂ ಆಡಿದ್ದೇನೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಹಿಡಿದು ಬಿದರಿ ಪಾತ್ರೆ ಎರೆಯುವ ಸೀಮೆಗೆ ಅಳತೆ ಬಾರದೆನ್ನುವುದು ಅನ್ಯಾಯ. ಮಸ್ಕತ್ತಿನಲ್ಲಿ ಕೆತ್ತುವವರೂ ಎಸೆಯುವವರೂ ಒಬ್ಬರೇ; ಶನಿವಾರ ಕಡಲಿನಲ್ಲಿ ಕಂಡ ತಪ್ಪು ಭಾನುವಾರ ಸಂಜೆ ಬೆಂಚಿನ ಮೇಲೆ ತಿದ್ದುಪಡಿಯಾಗುತ್ತದೆ. ನಮ್ಮಲ್ಲಿ ಮರ ಬಲ್ಲವರು ಒಂದು ಓಣಿಯಲ್ಲಿ, ನೀರು ಬಲ್ಲವರು ಇನ್ನೊಂದು ಓಣಿಯಲ್ಲಿ. ಇವರ ಬೆಂಡನ್ನು ಅವರು ನೋಡುವುದಿಲ್ಲ, ಅವರ ಬಾಚಿಯನ್ನು ಇವರು ಮುಟ್ಟುವುದಿಲ್ಲ. ನಮಗೆ ಸಮುದ್ರವಿಲ್ಲದ್ದು ಈ ಕೆಲಸಕ್ಕೆ ಅಷ್ಟು ದೊಡ್ಡ ಅಡ್ಡಿಯೆಂದು ನನಗೆ ಅನ್ನಿಸುವುದಿಲ್ಲ. ಒಂದೇ ಊರಿನ ಎರಡು ಓಣಿಗಳ ನಡುವಿನ ದೂರ ಅದಕ್ಕಿಂತ ದೊಡ್ಡದು.

ಬಣ್ಣದ ವಿಷಯದಲ್ಲಿ ನಾನು ಎರಡೂ ಕಡೆಯವರನ್ನು ಒಪ್ಪುವುದಿಲ್ಲ. ಕಾಕಾ ಹಚ್ಚಬೇಕೆಂದ ಅರಗಿನ ಪಾಲಿಶ್ ನೀರಿಗೆ ಬೆಳ್ಳಗಾಗಿ ಬಿಡುತ್ತದೆ. ಜಪಾನಿನವರು ಅಂಟಿಸುವ ಚಿಪ್ಪಿನ ಹಾಳೆ ಬೀದರಿನ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸವನ್ನು ನೆನಪಿಗೆ ತರುವಷ್ಟು ಸೊಗಸಾಗಿದ್ದರೂ, ಕೆಳಗಿನಿಂದ ಆಕಾಶದ ಬೆಳಕಿಗೆ ಎದುರಾಗಿ ನೋಡುವ ಮೀನಿಗೆ ಕಾಣುವುದು ಹೆಚ್ಚಾಗಿ ಕಪ್ಪು ಆಕಾರ ಮಾತ್ರ. ನೀರು ಒಳಸೇರದಂತೆ ತೆಳು ಲೇಪಗಳಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ಸಾಕು. ಉಳಿದದ್ದು ಕೊಳ್ಳುವವರ ಕಣ್ಣಿಗೆ.

ಆದರೆ ಬರೆದಿಡುವ ವಿಷಯದಲ್ಲಿ ಜಪಾನಿನವರದ್ದೇ ಸರಿ. ಅವರ ಪ್ರತಿ ಪಾಪರಿನ ಹೊಟ್ಟೆಯ ಮೇಲೆ ಬಣ್ಣಕ್ಕೆ ಮುಂಚೆ ಪೆನ್ಸಿಲಿನಿಂದ ತೂಕ ಬರೆದಿರುತ್ತದೆ. ಅಂಬಿಗರ ಕೈಯಲ್ಲಿ ಹದಗೊಂಡ ಆ ಬೂರುಗದ ಪಾಪರ್ ನನ್ನ ಬಳಿ ಇದ್ದವುಗಳಲ್ಲೇ ಉತ್ತಮವಾಗಿತ್ತು. ಒಮಾನಿನ ದಕ್ಷಿಣ ಕರಾವಳಿಯ ಹಾಸಿಕ್ ಬಳಿ ದೊಡ್ಡ ಮೀನೊಂದು ಅದನ್ನು ಕಚ್ಚಿ ಬಂಡೆಯಡಿ ನುಗ್ಗಿದಾಗ ನೂಲು ಹರಿಯಿತು. ಅದರಂಥದ್ದೇ ಇನ್ನೊಂದು ಬೇಕೆಂದು ಫೋನು ಮಾಡಿದರೆ, "ಅದು ಆಗಿನ ಕೈಯಾಗ ಬಂದಿದ್ದು ತಮ್ಮಾ, ಹೆಂಗ ಹೇಳಲಿ?" ಎಂದರು ಕಾಕಾ. ಅಳತೆ ಯಾರ ಬಳಿಯೂ ಇರಲಿಲ್ಲ.

ಈ ಸಲ ಊರಿಗೆ ಹೋದಾಗ ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ಬರೆಯಲು ಕಾಕಾನನ್ನು ಕೇಳಿಕೊಂಡೆ. ಬಂಗಾರದ ತಕ್ಕಡಿಗೆ ಕಟ್ಟಿಗೆ ಇಡುವುದೇ ಎಂದು ಅಕ್ಕಸಾಲಿಗರು ನಕ್ಕರು, ಆದರೆ ಇಟ್ಟರು. ಮೊನ್ನೆ ಗೆಳೆಯರೊಬ್ಬರ ಕೈಯಲ್ಲಿ ಆರು ಪಾಪರ್ ಬಂದಿವೆ. ಐದರ ಹೊಟ್ಟೆಯ ಮೇಲೆ ಕಾಕಾನ ದಪ್ಪ ಅಕ್ಷರದಲ್ಲಿ ತೂಕವಿದೆ, ಪಾಯಿಂಟ್ ಮುಂದೆ ಎರಡು ಅಂಕಿ ಸಮೇತ. ಆರನೆಯದರ ಮೇಲೆ ಏನೂ ಇಲ್ಲ. ಬಕೆಟ್ಟಿನಲ್ಲಿ ಬಿಟ್ಟು ನೋಡಿದೆ. ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುವುದು ಅದೇ.