ಮಹಜರಿನಲ್ಲಿ ಬರೀ ‘ಕಪ್ಪು ಮೊಬೈಲ್ ಒಂದು’

ಪೊಲೀಸರು ಫೋನ್ ಕೇಳಿದರೆ ಸುಮ್ನೆ ಕೊಟ್ಟುಬಿಡಿ, ತಪ್ಪು ಮಾಡದವರಿಗೆ ಏನು ಭಯ ಅಂತ ನಾನು ಓದಿದ ಒಂದು ಲೇಖನ ಕೇಳುತ್ತದೆ. ನಾನು ಒಪ್ಪುವುದಿಲ್ಲ.

ತೀರ್ಥಹಳ್ಳಿ ಕಡೆಯ ನನ್ನ ಭಾವನನ್ನು ಅಡಿಕೆ ಕಳವಿನ ಕೇಸಿನಲ್ಲಿ ವಿಚಾರಣೆಗೆ ಕರೆದಿದ್ದರು. ಫೋನಿನ ಲಾಕ್ ತೆಗೆಯಲು ಪ್ಯಾಟರ್ನ್ ಹಾಕು ಎಂದರು. ಭಾವ ಹೆದರಿ ಹಾಕಿಕೊಟ್ಟರು. ಫೋನ್ ಜಪ್ತಿಯಾಯಿತು. ಮಹಜರಿನಲ್ಲಿ, ಅಂದರೆ ಜಪ್ತಿಯ ಲಿಖಿತ ದಾಖಲೆಯಲ್ಲಿ, ಬರೆದದ್ದು ‘ಕಪ್ಪು ಬಣ್ಣದ ಮೊಬೈಲ್ ಒಂದು’ ಅಂತ ಅಷ್ಟೇ. ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ, ಐಎಂಇಐ ನಂಬರ್ ಇಲ್ಲ, ಸಿಮ್ ವಿವರ ಇಲ್ಲ. ಅದರೊಳಗೆ ಮಂಡಿ ಲೆಕ್ಕ, ಅಕ್ಕನ ಸ್ಕ್ಯಾನಿಂಗ್ ರಿಪೋರ್ಟ್, ಮಕ್ಕಳ ಫೋಟೊ ಎಲ್ಲ ಇತ್ತು. ಕಳವಿಗೂ ಇದಕ್ಕೂ ಏನು ಸಂಬಂಧ?

2021ರಲ್ಲಿ ನಮ್ಮ ಹೈಕೋರ್ಟೇ ಹೇಳಿದೆ ಅಲ್ವಾ, ಆರೋಪಿ ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ಪೊಲೀಸರು ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ಕೇಳಬೇಕು ಅಂತ. ತೀರಾ ತುರ್ತಿದ್ದರೆ ಬೇರೆ ಮಾತು, ಆಗಲೂ ಕಾರಣ ಬರೆದಿಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಪರಾಧ ಪ್ರಕ್ರಿಯೆ ಕಾಯ್ದೆ ಬಿಎನ್‌ಎಸ್‌ಎಸ್‌ನ 105ನೇ ಕಲಂ ಪ್ರಕಾರ ಶೋಧ, ಜಪ್ತಿ ಎರಡನ್ನೂ ವಿಡಿಯೊ ಮಾಡಲೇಬೇಕು. ಜಪ್ತಿ ಮಾಡಿದ ವಸ್ತುಗಳ ಪಟ್ಟಿಗೆ ಸಾಕ್ಷಿಗಳು ಸಹಿ ಹಾಕುವುದೂ ಆ ವಿಡಿಯೊದಲ್ಲಿ ಬರಬೇಕು. ಭಾವನ ವಕೀಲರು ಮೊದಲು ಕೇಳಿದ್ದೇ ಆ ವಿಡಿಯೊವನ್ನು. ಇರಲಿಲ್ಲ.

ನಾಳೆ ನಿಮ್ಮ ಮನೆಯವರನ್ನು ಕರೆದರೆ, ಮಹಜರಿಗೆ ಸಹಿ ಹಾಕುವ ಮೊದಲು ಐಎಂಇಐ ಬರೆದಿದ್ದಾರಾ ನೋಡಿ. ನಕಲು ಕೇಳಿ ತಗೊಳ್ಳಿ.