ಹಳದಿ ಟಿಪ್ಪಣಿ ಹಸಿರಾಗುವ ಮುನ್ನ

ಕಚೇರಿಯಲ್ಲಿ ಪರಸ್ಪರ ವಿಶ್ವಾಸ ಬೆಳೆಸುವುದು ಹೇಗೆ ಎಂದು ತರಬೇತಿ ಕೊಡಲು ಬಂದವರು ನಮ್ಮ ಕೈಗೆ ಬಲೂನು ಕೊಟ್ಟು ಊದಿಸುತ್ತಾರೆ. ಅದಿಲ್ಲದಿದ್ದರೆ ಹುಟ್ಟುಹಬ್ಬದ ಕೇಕ್ ಇದ್ದೇ ಇದೆ. ಕಲಬುರಗಿಯ ಸರ್ಕಾರಿ ಕಚೇರಿಗಳಲ್ಲೇ ಅರ್ಧ ಆಯುಷ್ಯ ಕಳೆದವಳು ನಾನು. ಬೆಳಿಗ್ಗೆ ಕೇಕ್ ತಿಂದು ಬಾಯಿ ಒರೆಸಿಕೊಂಡವರೇ ಮಧ್ಯಾಹ್ನ ‘ವಿಷಯ ನಿರ್ವಾಹಕರ (ಅಂದರೆ ಆ ಕಡತ ನೋಡಿಕೊಳ್ಳುವ ಗುಮಾಸ್ತರ) ನಿರ್ಲಕ್ಷ್ಯದಿಂದ ವಿಳಂಬವಾಗಿದೆ’ ಎಂದು ಬರೆದು ಕಡತವನ್ನು ಮೇಲಕ್ಕೆ ತಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಸಾಹೇಬರು ಕರೆದು ಗದರಿದಾಗಲೇ ಪಾಪ, ಆ ವಿಷಯ ನಿರ್ವಾಹಕರಿಗೆ ವಿಷಯ ತಿಳಿಯುವುದು!

ನನ್ನ ಬೇಡಿಕೆ ಇಷ್ಟೇ: ಬರೆಯಬೇಕಾದದ್ದನ್ನು ಬರೆಯಿರಿ, ಆದರೆ ಮೊದಲು ನನಗೆ ಹೇಳಿ. ಕಡತಗಳೆಲ್ಲ ಕಂಪ್ಯೂಟರಿನಲ್ಲೇ ಓಡಾಡುವ ಇ-ಆಫೀಸ್ ಬಂದ ಮೇಲಂತೂ ಇದಕ್ಕೆ ಅನುಕೂಲವೇ ಆಗಿದೆ. ಹಳದಿ ಟಿಪ್ಪಣಿ ಎಂದರೆ ಕರಡು, ತಿದ್ದಬಹುದು, ಅಳಿಸಬಹುದು. ಅದೇ ಹಸಿರು ಟಿಪ್ಪಣಿಯಾಗಿ ಮುಂದಕ್ಕೆ ಹೋಯಿತೆಂದರೆ ಹೆಸರು, ತಾರೀಖಿನ ಸಮೇತ ಶಾಶ್ವತವಾಗಿ ಕೂತುಬಿಡುತ್ತದೆ. ಪಕ್ಕದ ಮೇಜಿಗೆ ಎದ್ದು ಹೋಗಿ ಬರಲು ಆ ಹಳದಿಯ ಹೊತ್ತು ಧಾರಾಳವಾಗಿ ಸಾಕು. ಆದರೂ ಏಳುವವರು ಕಡಿಮೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಹನ್ನೆರಡು ದಾಟಿತೆಂದರೆ ಎಲ್ಲರ ತಲೆಯೂ ಕಾದಿರುತ್ತದೆ. ಅಂಥ ಹೊತ್ತಿನಲ್ಲಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಒಬ್ಬರ ಸೇವಾ ಪುಸ್ತಕ ಲೆಕ್ಕಪತ್ರ ಶಾಖೆಯ ಹುಡುಗಿಯ ಕೈಗೆ ಬಂತು. ವರ್ಷಕ್ಕೆರಡು ಬಾರಿ ಜಮೆಯಾಗುವ ಗಳಿಕೆ ರಜೆಯ ಖಾತೆಯಲ್ಲಿ ಒಂದು ವರ್ಷದ ಜನವರಿಯ 15 ದಿನ ಜಮೆಯಾಗಿತ್ತು, ಜುಲೈನ 15 ದಿನ ಇರಲಿಲ್ಲ. ನಿವೃತ್ತಿಯ ವೇಳೆ 300 ದಿನಗಳವರೆಗೆ ನಗದೀಕರಣ ಸಿಗುವುದರಿಂದ ಇದು ನೇರ ಹಣದ ಮಾತು. ಆಕ್ಷೇಪಣೆ ಹಾಕಿ ವಾಪಸ್ ಕಳುಹಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಪುಸ್ತಕ ಹಿಡಿದುಕೊಂಡು ಸಿಬ್ಬಂದಿ ಶಾಖೆಯ ಹಿರಿಯರ ಮುಂದೆ ನಿಂತಳು.

“ಕಾಕಾ, ಈ ಸಾಲು ನೋಡಿ. ನಾನು ಬರೆದರೆ ನಿಮ್ಮ ಮೇಲೆ ಬರುತ್ತದೆ.”

ಅವರು ಕನ್ನಡಕ ಏರಿಸಿಕೊಂಡರು. “ಹೌದಲ್ಲ ತಂಗಿ! ಇದು ನನಗಿಂತ ಮೊದಲಿನವರು ಬಿಟ್ಟದ್ದು. ಸ್ವಲ್ಪ ತಡೆ, ಹಳೆಯ ರಜೆ ಕಡತ ತೆಗೆಸುತ್ತೇನೆ.”

ಮರುದಿನ ಸಾಹೇಬರ ಸಹಿಯೊಂದಿಗೆ ನಮೂದಾಯಿತು. ಅಲ್ಲಿಂದಾಚೆಗೆ ಆಕೆ ಹಾಕಿದ ಯಾವ ಆಕ್ಷೇಪಣೆಗೂ ಆ ಹಿರಿಯರು ಮುಖ ಗಂಟಿಕ್ಕಿದ್ದನ್ನು ನಾನು ಕಂಡಿಲ್ಲ.

ಇದು ತಪ್ಪು ಮುಚ್ಚಿಹಾಕುವ ದಾರಿ ಎನ್ನುವವರಿದ್ದಾರೆ. ಲಂಚ, ತಿದ್ದಿದ ದಾಖಲೆ ಕಂಡರೆ ಯಾರ ಮುಲಾಜಿಗೂ ಬೀಳದೆ ಬರೆಯಲೇಬೇಕು. ಬಿಟ್ಟುಹೋದ ಸಾಲಿಗೂ ತಿಂದ ದುಡ್ಡಿಗೂ ವ್ಯತ್ಯಾಸ ತಿಳಿಯದವರು ಆ ಕುರ್ಚಿಯಲ್ಲಿ ಕೂರಬಾರದು, ಅಷ್ಟೇ.

ನಮ್ಮ ಭಾಗದಲ್ಲಿ ಇನ್ನೊಂದು ಅಪನಂಬಿಕೆ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಸ್ಥಳೀಯ ವೃಂದ (ಇಲ್ಲಿನವರಿಗೆ ಮೀಸಲಾದ ಹುದ್ದೆಗಳು), ಉಳಿಕೆ ಮೂಲ ವೃಂದ (ಉಳಿದ ಹುದ್ದೆಗಳು) ಎಂಬ ಲೆಕ್ಕಾಚಾರ ಕಚೇರಿಯೊಳಗೂ ಬಂದು ಕೂತಿದೆ. ಆ ಮೀಸಲಾತಿ ನಮಗೆ ಬೇಕೇ ಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ದಕ್ಷಿಣದ ಜಿಲ್ಲೆಗಳಿಂದ ಬಂದವರನ್ನು ‘ಇಂದೋ ನಾಳೆಯೋ ಗಂಟುಮೂಟೆ ಕಟ್ಟುವವರು’ ಎಂದು ನಾವು, ‘ಇವರೆಲ್ಲ ಒಂದೇ ಕಡೆಯವರು’ ಎಂದು ಅವರು! ಹುದ್ದೆಗಳು ಖಾಲಿ ಬಿದ್ದು ಒಬ್ಬರ ತಲೆಗೇ ಎರಡು ಮೂರು ಮೇಜಿನ ಪ್ರಭಾರ ಬಂದಾಗ ಈ ಗುಮಾನಿ ಜಗಳವಾಗಿ ಹೊರಬೀಳುತ್ತದೆ.

ಕಲಬುರಗಿಯನ್ನು ಪ್ರೀತಿಸಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಇಲ್ಲಿನ ಮೇ ತಿಂಗಳನ್ನು ನಾವೇ ಪ್ರೀತಿಸುವುದಿಲ್ಲ. ಹೋಗುವಾಗ ಪ್ರಭಾರ ಪಟ್ಟಿಯನ್ನು, ಅಂದರೆ ಮುಂದೆ ಬರುವವರಿಗೆ ಏನೇನು ವಹಿಸಿದೆ ಎಂಬ ಪಟ್ಟಿಯನ್ನು, ನೆಟ್ಟಗೆ ಕೊಟ್ಟು ಹೋಗಲಿ. ಸಾಮಾನ್ಯವಾಗಿ ಅದರಲ್ಲಿ ಕಡತದ ಸಂಖ್ಯೆ, ಕಪಾಟಿನ ಕೀಲಿ, ಮೊಹರು ಇಷ್ಟೇ ಇರುತ್ತವೆ. ಮಂಡ್ಯದ ಕಡೆಯ ಒಬ್ಬರು ವರ್ಗಾವಣೆ ಆದೇಶ ಕೈಗೆ ಬಂದ ಮೇಲೂ ಕೂತು, ಪಟ್ಟಿಯ ಕೊನೆಗೆ ಪ್ರತ್ಯೇಕ ಹಾಳೆ ಲಗತ್ತಿಸಿದ್ದರು. ಯಾವ ಪ್ರಕರಣಕ್ಕೆ ನ್ಯಾಯಾಲಯದ ಮುಂದಿನ ದಿನಾಂಕ ಯಾವಾಗ, ಯಾವ ನೆನಪೋಲೆಗೆ ಉತ್ತರ ಹೋಗಿಲ್ಲ, ಯಾವ ಕಡತವನ್ನು ತಾವೇ ಮುಂದೂಡುತ್ತ ಬಂದರು, ಏಕೆ ಎಂಬುದೆಲ್ಲ ಅದರಲ್ಲಿತ್ತು. ಅವರನ್ನು ಗಂಟುಮೂಟೆ ಗಿರಾಕಿ ಎಂದು ಆಡಿಕೊಳ್ಳುತ್ತಿದ್ದವರೇ ಈಗ ಹೊಸಬರ ಕೈಗೆ ಆ ಹಾಳೆಯ ಜೆರಾಕ್ಸ್ ಕೊಟ್ಟು, “ನೀವೂ ಹೋಗುವಾಗ ಹೀಗೇ ಬರೆದುಕೊಡಬೇಕು” ಎಂದು ಹಾಜರಾದ ದಿನವೇ ಹೇಳಿಬಿಡುತ್ತಾರೆ.