ಹೊಟ್ಟೆ ನಿಧಾನವಾದರೆ ಕಾರಣ ಸಕ್ಕರೆ ಕಾಯಿಲೆ ಒಂದೇ ಅಲ್ಲ

ಗ್ಯಾಸ್ಟ್ರೋಪರೇಸಿಸ್, ಅಂದರೆ ತಿಂದದ್ದನ್ನು ಜಠರ ತುಂಬಾ ನಿಧಾನವಾಗಿ ಕರುಳಿಗೆ ತಳ್ಳುವ ತೊಂದರೆ, ಇದರ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿದೆ, ಒಳ್ಳೆಯದಿದೆ. ಆದರೆ ಸಕ್ಕರೆ ಕಾಯಿಲೆ, ಊಟದ ಪಥ್ಯ, ಮಾತ್ರೆ ಇಷ್ಟಕ್ಕೇ ನಿಂತುಬಿಟ್ಟಿದೆ. ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಜಠರ, ಕರುಳನ್ನು ನಡೆಸುವ ನರಗಳ ಮೇಲೆ ತಿರುಗಿ ಬೀಳುತ್ತದೆ. ಅಪರೂಪ ನಿಜ, ಆದರೆ ಇದಕ್ಕೆ ಬೇರೆಯದೇ ಚಿಕಿತ್ಸೆ ಇದೆ.

ನನ್ನ ತಂಗಿಗೆ ಎರಡು ತುತ್ತು ತಿಂದರೆ ಹೊಟ್ಟೆ ಬಿರಿಯುತ್ತಿತ್ತು. ಬೆಳಿಗ್ಗೆ ತಿಂದ ಅನ್ನ ರಾತ್ರಿ ವಾಂತಿಯಲ್ಲಿ ಹಾಗೇ ಬರುತ್ತಿತ್ತು. ಎಂಡೋಸ್ಕೋಪಿ ನಾರ್ಮಲ್. ‘ಟೆನ್ಷನ್ ಜಾಸ್ತಿ, ಸುಮ್ನೆ ಯೋಚನೆ ಮಾಡ್ತೀರಾ’ ಅಂತ ಒಬ್ಬ ವೈದ್ಯರು ಕಳಿಸಿಬಿಟ್ಟರು. ಈ ಮಾತು ಎಷ್ಟು ನೋಯಿಸುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಎಂಡೋಸ್ಕೋಪಿ ಒಳಗಿನ ಹುಣ್ಣು, ತಡೆ ತೋರಿಸುತ್ತದೆ, ಚಲನೆಯನ್ನಲ್ಲ. ಅದಕ್ಕೆ ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಸ್ಕ್ಯಾನ್ ಬೇಕು. ಅತಿ ಸ್ವಲ್ಪ ವಿಕಿರಣವಿರುವ ಆಹಾರ ತಿನ್ನಿಸಿ (ನಮ್ಮ ಕಡೆ ಇಡ್ಲಿಯನ್ನೂ ಬಳಸುತ್ತಾರೆ!) 4 ಗಂಟೆ ಚಿತ್ರ ತೆಗೆಯುತ್ತಾರೆ. ಸಾಮಾನ್ಯವಾಗಿ ಕೊನೆಗೆ ಶೇ. 10ಕ್ಕಿಂತ ಹೆಚ್ಚು ಹೊಟ್ಟೆಯಲ್ಲೇ ಉಳಿದರೆ ತೊಂದರೆ ಇದೆ ಎಂದರ್ಥ. ಜೊತೆಗೆ, ರೋಗನಿರೋಧಕ ಶಕ್ತಿ ನರಗಳ ಮೇಲೆ ತಿರುಗಿಬಿದ್ದಿದೆಯಾ ಅಂತ ನೋಡಲು ರಕ್ತದಲ್ಲಿ ಆಂಟಿಬಾಡಿ (ರೋಗನಿರೋಧಕ ಪ್ರೋಟೀನ್) ಪರೀಕ್ಷೆ. ಆಂಟಿ-ಹು ಎಂಬ ಆಂಟಿಬಾಡಿ ಸಿಕ್ಕರೆ ಶ್ವಾಸಕೋಶದ ಕ್ಯಾನ್ಸರ್ ಇದೆಯಾ ಅಂತಲೂ ಹುಡುಕಲೇಬೇಕು.

ಅಮೆರಿಕದ ಮೇಯೊ ಕ್ಲಿನಿಕ್ 2014ರಲ್ಲಿ, ರೋಗನಿರೋಧಕ ಶಕ್ತಿಯಿಂದಲೇ ಈ ತೊಂದರೆ ಬಂದಿರಬಹುದು ಎಂಬ ಅನುಮಾನವಿದ್ದ 23 ರೋಗಿಗಳ ವರದಿ ಕೊಟ್ಟಿತು. ಐವಿಐಜಿ, ಅಂದರೆ ದಾನಿಗಳ ಪ್ಲಾಸ್ಮಾದಿಂದ ತೆಗೆದ ಆಂಟಿಬಾಡಿ, ಇಲ್ಲವೇ ಸ್ಟೀರಾಯ್ಡ್ ಅನ್ನು ಕೆಲವು ವಾರ ಡ್ರಿಪ್‌ನಲ್ಲಿ ಕೊಟ್ಟರು. 17 ಮಂದಿ ಸುಧಾರಿಸಿದರು. ಚಿಕ್ಕ ಅಧ್ಯಯನ, ಹೋಲಿಸಿ ನೋಡಲು ಪ್ಲಾಸಿಬೋ (ಔಷಧಿಯಿಲ್ಲದ ಹುಸಿ ಚಿಕಿತ್ಸೆ) ಗುಂಪೂ ಇರಲಿಲ್ಲ. ಐವಿಐಜಿ ದುಬಾರಿ ಬೇರೆ. ಹಾಗಾಗಿ ಶುರು ಮಾಡುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿಸಿ ಹೋಲಿಸಲೇಬೇಕು. ಇಲ್ಲದಿದ್ದರೆ ಹೊಟ್ಟೆಯ ಚಲನೆ ನಿಜಕ್ಕೂ ಸುಧಾರಿಸಿತಾ ಅಂತ ಹೇಳೋದು ಹೇಗೆ, ಅಲ್ವಾ?

ಲೇಖಕರು ಇದರ ಬಗ್ಗೆಯೂ ಬರೆಯಲಿ, ದಯವಿಟ್ಟು.